ಇದರಲ್ಲಿ ನಗುವುದೆಲ್ಲಿ?

ಜನ ಆಸ್ತಿಗೆ ಜಗಳವಾಡುತ್ತಾರೆ, ಎಲೆಕ್ಷನ್ನಿಗೆ ಜಗಳವಾಡುತ್ತಾರೆ, ಲೋಕಲ್ ಟ್ರೇನಿನ ಕಿಟಕಿ ಸೀಟಿಗೆ ಕೈ ಕೈ ಮಿಲಾಯಿಸುತ್ತಾರೆ. ಆದರೆ ಒಂದು ಹಾಸ್ಯದ ಸೀರಿಯಲ್ಲು ಹಾಸ್ಯದ್ದು ಹೌದೋ ಅಲ್ಲವೋ ಎಂದು ಆಡುವ ಜಗಳದ ಮುಂದೆ ಅವೆಲ್ಲ ಪ್ರೀತಿಯ ಮಾತುಗಳು. ಇದು ನನ್ನ ಸ್ವಂತ ಅನುಭವ. ಮುಂಬಯಿಯ ಬಾಂದ್ರಾದ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಕನ್ನಡ ಸಂಭಾಷಣೆ ಬರೆಯುವುದು ನನ್ನ ಉದ್ಯೋಗ. ಹೊರದೇಶದವರು ಇಂಗ್ಲಿಷಿನಲ್ಲಿ ಬಾಯಿ ತೆರೆದರೆ ಅದು ಮುಚ್ಚುವುದರೊಳಗೆ ಕನ್ನಡ ಮುಗಿಸಬೇಕು. ದೆವ್ವದ ಸಿನಿಮಾ ಮಾಡಿದ್ದೇನೆ, ಮೊಸಳೆಯ ಸಿನಿಮಾ ಮಾಡಿದ್ದೇನೆ, ಕೇಕು ಮಾಡುವ ಸ್ಪರ್ಧೆಗೂ ಬರೆದಿದ್ದೇನೆ. ಅವುಗಳಿಗಾಗಿ ಯಾರೂ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಆ ಬ್ರಿಟಿಷ್ ಸೀರಿಯಲ್ಲು ಬಂತು ನೋಡಿ, ಮುಲುಂಡಿನಿಂದ ದಹಿಸರ್ ತನಕ ನನಗೆ ಗೊತ್ತಿದ್ದವರೆಲ್ಲ ಎರಡು ಹೋಳಾದರು.

ಅದರ ಕತೆ ಇಷ್ಟೇ. ಇಂಗ್ಲೆಂಡಿನ ಸಮುದ್ರದಂಡೆಯ ಒಂದು ಸಣ್ಣ ಊರು. ಅಲ್ಲಿ ಒಬ್ಬ ಅಣ್ಣ, ಒಬ್ಬ ತಮ್ಮ, ಅವರಿಬ್ಬರಿಗೊಬ್ಬಳು ಅಕ್ಕ. ಮೂವರೂ ಐವತ್ತು ದಾಟಿದವರು, ಮೂವರಿಗೂ ಮದುವೆಯಿಲ್ಲ. ಒಟ್ಟಿಗೆ ಛತ್ರಿ ರಿಪೇರಿಯ ಅಂಗಡಿ ನಡೆಸುತ್ತಾರೆ. ಆ ಊರಲ್ಲಿ ಮಳೆಯೇ ಬರುವುದಿಲ್ಲ. ಅಣ್ಣ ತಮ್ಮ ಮಾತು ಬಿಟ್ಟಿದ್ದಾರೆ. ಒಂದೇ ಟೇಬಲ್ಲಿಗೆ ಎದುರುಬದುರು ಕೂತರೂ ಒಬ್ಬನ ಮಾತನ್ನು ಇನ್ನೊಬ್ಬನಿಗೆ ಅಕ್ಕನೇ ಮುಟ್ಟಿಸಬೇಕು. ಪ್ರತಿ ಕಂತಿನಲ್ಲೂ ಯಾರಾದರೊಬ್ಬರು ಬಾಗಿಲು ತೆರೆದು ಪೋಸ್ಟಾಫೀಸು ಎಲ್ಲಿ ಎಂದು ಕೇಳಿ ಹೋಗುತ್ತಾರೆ. ಅಣ್ಣ ಬಹಳ ಹೊತ್ತು ಗೋಡೆ ನೋಡಿ "ರೈಟ್" ಅನ್ನುತ್ತಾನೆ. ಕಂತು ಮುಗಿಯಿತು. ಹಿನ್ನೆಲೆಯಲ್ಲಿ ಜನ ನಗುವ ಸದ್ದೂ ಇಲ್ಲ, ಸಂಗೀತವೂ ಇಲ್ಲ.

ಬಾಸ್ ನಕ್ಕದ್ದು

ಮೊದಲ ಕಂತನ್ನು ಸ್ಟುಡಿಯೋದಲ್ಲಿ ನಾಲ್ಕು ಜನ ಕೂತು ನೋಡಿದೆವು. ನಮ್ಮ ಬಾಸ್, ಸೌಂಡ್ ಇಂಜಿನಿಯರ್, ಮಾರ್ಕೆಟಿಂಗಿನ ಹುಡುಗಿ, ನಾನು. ಬಾಸ್ ಹುಟ್ಟಾ ಮುಂಬಯಿಯವರು. ಯಾವ ವಿಷಯದಲ್ಲೂ ತನಗೆ ತಿಳಿಯಲಿಲ್ಲ ಎಂದು ಈತನಕ ಒಪ್ಪಿಕೊಂಡವರಲ್ಲ. ಮಾರ್ಕೆಟಿಂಗಿನ ಹುಡುಗಿ ಇಂಗ್ಲೆಂಡಿನಲ್ಲಿ ಓದಿ ಬಂದವಳು. ಆಫೀಸಿನಲ್ಲಿ ಅವಳು ಚಹಾಕ್ಕೆ ಹಾಲು ಮೊದಲು ಹಾಕುತ್ತಾಳೋ ಆಮೇಲೋ ಎಂಬುದನ್ನೂ ಜನ ಗಮನಿಸುತ್ತಾರೆ.

ಹತ್ತು ನಿಮಿಷವಾಯಿತು. ಪರದೆಯ ಮೇಲೆ ಅಣ್ಣ ಒಂದು ಛತ್ರಿ ಬಿಚ್ಚಿದ, ಮಡಚಿದ. ಬಾಸ್ ನನ್ನ ಕಡೆ ಬಾಗಿ ಮೆಲ್ಲಗೆ ಹಿಂದಿಯಲ್ಲಿ ಕೇಳಿದರು, "ಇದರಲ್ಲಿ ನಗೋದು ಎಲ್ಲಿ?"

"ಬರಬಹುದು ಸರ್" ಅಂದೆ.

ಅಷ್ಟರಲ್ಲಿ ಆ ಹುಡುಗಿಯ ಮೂಗಿನಿಂದ 'ಹ್ಞಕ್' ಎಂದು ಒಂದು ಸದ್ದು ಬಂತು. ಬಾಸ್ ತಕ್ಷಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಸ್ ನಕ್ಕ ಮೇಲೆ ಸೌಂಡ್ ಇಂಜಿನಿಯರನೂ ನಕ್ಕ. ಎಲ್ಲರೂ ನಗುತ್ತಿರುವಾಗ ನಾನೊಬ್ಬಳು ಯಾಕೆ ದಡ್ಡಿಯಾಗಲಿ ಎಂದು ನಾನೂ ನಕ್ಕೆ. ಆಮೇಲೆ ಹಾಗೇ ನಡೆಯಿತು. ಅವಳ ಮೂಗು ಸದ್ದು ಮಾಡಿದಾಗಲೆಲ್ಲ ಮೂವರೂ ಬಿದ್ದು ಬಿದ್ದು ನಕ್ಕೆವು. ಕಂತು ಮುಗಿದಾಗ ಬಾಸ್ ಕಣ್ಣೊರೆಸಿಕೊಂಡು, "ಎಂಥ ಬಾರೀಕ್ ಕೆಲಸ! ಇದನ್ನು ಎಲ್ಲರಿಗೂ ಅರ್ಥ ಮಾಡಿಕೊಳ್ಳೋಕೆ ಆಗಲ್ಲ" ಎಂದು ಹೇಳಿ ಐದು ಭಾಷೆಗಳಿಗೆ ಆರ್ಡರ್ ಒಪ್ಪಿಕೊಂಡರು.

ಊಟದ ಹೊತ್ತಿಗೆ ಆ ಹುಡುಗಿಯನ್ನು ಹಿಡಿದು ಕೇಳಿದೆ, "ಆ ಛತ್ರಿ ಮಡಚುವಲ್ಲಿ ನಿನಗೆ ಅಷ್ಟು ನಗು ಬಂದದ್ದು ಯಾಕಮ್ಮಾ? ನನಗೂ ಸ್ವಲ್ಪ ಹೇಳು, ನಾನು ಬರೆಯಬೇಕಲ್ಲ."

ಅವಳು ಕರವಸ್ತ್ರ ತೆಗೆದು ಮೂಗಿಗಿಟ್ಟುಕೊಂಡಳು. "ನಗು? ನನಗೆ ನೆಗಡಿ, ಮ್ಯಾಮ್. ಆ ಏಸಿ ಕೆಳಗೆ ಕೂರಿಸಿದ್ರಿ."

ಭಾವನವರ ಲಂಡನ್

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, ಬ್ಯಾಂಕಿನಿಂದ ರಿಟೈರಾಗಿ ಮುಲುಂಡಿನಲ್ಲಿ ನಮ್ಮದೇ ಹೌಸಿಂಗ್ ಸೊಸೈಟಿಯ ಎದುರು ವಿಂಗಿನಲ್ಲಿ, ಅಂದರೆ ಎದುರಿನ ಕಟ್ಟಡದಲ್ಲಿ ಇದ್ದಾರೆ. ವಿಜಯಪುರದ ಕಡೆಯವರು. ಒಮ್ಮೆ ಟೂರ್ ಕಂಪನಿಯವರು ಅವರನ್ನು ಬಸ್ಸಿನಲ್ಲಿ ಕೂಡಿಸಿ ಲಂಡನ್ ತೋರಿಸಿ ತಂದರು. ಅಂದಿನಿಂದ ಆ ದೇಶದ ಯಾವ ವಿಷಯ ಬಂದರೂ ಕೊನೆಯ ಮಾತು ಅವರದ್ದೇ. ಅಲ್ಲಿ ಅವರು ಇಳಿದು ನಡೆದದ್ದು ಗುಜರಾತಿ ಊಟದ ಹೋಟೆಲಿಗೆ ಮಾತ್ರ ಎಂದು ನಮ್ಮ ಓರಗಿತ್ತಿ ಒಮ್ಮೆ ಬಾಯಿ ತಪ್ಪಿ ಹೇಳಿದ್ದಳು.

ಸೀರಿಯಲ್ಲಿನ ಸುದ್ದಿ ಕಿವಿಗೆ ಬಿದ್ದದ್ದೇ ಭಾವನವರು ನಮ್ಮ ಮನೆಗೆ ಬಂದು ಸೋಫಾದ ಮಧ್ಯಕ್ಕೆ ಕೂತರು. "ಹಾಕವಾ ಅದನ್ನ. ಬ್ರಿಟಿಷ್ ಹ್ಯೂಮರ್ ಅಂದ್ರ ಸುಮ್ಮನ ಅಲ್ಲ. ಅವರು ನಗಸೂದಿಲ್ಲ. ನಾವಾಗೇ ನಗಬೇಕು."

ನನ್ನ ಗಂಡ ಕೇಳಿದ, "ಎಲ್ಲೆ ನಗಬೇಕು ಅಂತ ನೀನ ಮೊದಲ ಹೇಳಿಬಿಡು ಅಣ್ಣಾ."

"ನಿನಗ ಹೇಳಿ ಏನ ಉಪಯೋಗ? ನೀ ಈ ಮುಂಬಯಿ ಬಾಜೂದ ಇಗತಪುರಿ ದಾಟಿಲ್ಲ."

ನೋಡತೊಡಗಿದೆವು. ಭಾವನವರು ಒಂದು ಕಾಲಿನ ಮೇಲೊಂದು ಕಾಲು ಹಾಕಿ, ಆಗಾಗ ತಲೆಯಾಡಿಸುತ್ತ, "ವಾಹ್... ಸಟಲ್, ಬಹಳ ಸೂಕ್ಷ್ಮ" ಅನ್ನುತ್ತಿದ್ದರು. ಒಂದು ಕಡೆ ಅಕ್ಕ ಚಹಾ ತಂದು ಅಣ್ಣನ ಮುಂದಿಟ್ಟಳು. ಅಣ್ಣ ಕಪ್ಪು ಎತ್ತಿ ತುಟಿಯ ಹತ್ತಿರ ತಂದ. ಅಲ್ಲಿಗೇ ನಿಂತುಬಿಟ್ಟ. ಕುಡಿಯಲಿಲ್ಲ, ಇಳಿಸಲಿಲ್ಲ, ಕಣ್ಣು ಮಿಟುಕಿಸಲಿಲ್ಲ.

ಭಾವನವರ ಭುಜ ಅಲುಗತೊಡಗಿತು. ಮೊದಲು ಕಿಸಿಕಿಸಿ, ಆಮೇಲೆ ಗಹಗಹ, ಕೊನೆಗೆ ಕೆಮ್ಮು. "ಏನು ಕಂಟ್ರೋಲು! ಏನು ಟೈಮಿಂಗು! ನಮ್ಮ ನಟರಿಗೆ ಇದ ಸಾಧ್ಯ ಅದ ಏನು? ಮಾರಿ ಮ್ಯಾಲೆ ಒಂದ ಗೆರಿ ಹಂದವಲ್ದು!" ಎಂದು ತೊಡೆ ತಟ್ಟಿಕೊಂಡರು.

ನನ್ನ ಗಂಡ ಎದ್ದು ಹೋಗಿ ವೈಫೈ ಡಬ್ಬಿ ಬಂದ್ ಮಾಡಿ ಮತ್ತೆ ಚಾಲೂ ಮಾಡಿದ. ಪರದೆಯ ಮೇಲಿನ ಅಣ್ಣ ಗಟಗಟ ಚಹಾ ಕುಡಿದ.

ಭಾವನವರು ಕಾಲು ಕೆಳಗಿಳಿಸಿದರು. "ಈಗ ನೋಡು, ಪೂರಾ ಮಜಾ ಹೋತು."

ಅತ್ತೆಯವರ ದುಃಖ

ನಮ್ಮತ್ತೆಗೆ ಇಂಗ್ಲಿಷ್ ಬಾರದು. ನಾನು ಬರೆದ ಕನ್ನಡ ಸಬ್‌ಟೈಟಲ್ಲುಗಳನ್ನು ಟಿವಿಯಲ್ಲಿ ಹಾಕಿ ಪರೀಕ್ಷಿಸುವಾಗ ಅವರು ಕನ್ನಡಕ ಏರಿಸಿಕೊಂಡು ಜೊತೆಗೆ ಓದುತ್ತಿದ್ದರು. ಇದು ನಗೆಯ ಸೀರಿಯಲ್ಲು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ.

"ಅಲ್ಲ ತಂಗಿ, ಅಕ್ಕಗ ಪಾಲು ಕೊಟ್ಟಾರೋ ಇಲ್ಲೋ?" ಎಂದು ಮೊದಲ ದಿನವೇ ಕೇಳಿದರು.

"ಅದು ಇನ್ನೂ ತೋರಿಸಿಲ್ಲ ಅತ್ತೆ."

"ತೋರಸೂದಿಲ್ಲ. ಯಾಕಂದ್ರ ಕೊಟ್ಟಿಲ್ಲ. ಇಬ್ಬರೂ ಕೂಡಿ ಆಕಿಗೆ ಚಾ ಮಾಡ್ಲಿಕ್ಕೆ ಹಚ್ಚ್ಯಾರ. ಮದುವಿ ಸೈತ ಮಾಡಿಲ್ಲ." ಸೆರಗಿನ ತುದಿ ಕಣ್ಣಿಗೆ ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಮಳಿ ಇಲ್ಲದ ಊರಾಗ ಛತ್ರಿ ಅಂಗಡಿ ಹಾಕು ಅಂತ ಯಾವ ಮೂಳ ಹೇಳಿದ್ನೋ. ಜೂನ್ ತಿಂಗಳದಾಗ ಕುರ್ಲಾ ಸ್ಟೇಷನ್ ಹೊರಗ ಕೂತಿದ್ರ ಊಟಕ್ಕ ಏಳಲಿಕ್ಕೆ ಪುರಸತ್ತು ಸಿಗತಿರಲಿಲ್ಲ."

ದಿನಕ್ಕೊಂದು ಕಂತು ನೋಡಿ ಅವರು ನಿಟ್ಟುಸಿರು ಬಿಡುತ್ತಿದ್ದರು. ಭಾವನವರು ಬಂದು ನಕ್ಕರೆ ಗದರಿಸುತ್ತಿದ್ದರು: "ಮಂದಿ ಮನಿ ಮುರದರ ನಗತಿ? ನಿನ್ನ ಇದಕ್ಕ ಸಾಲಿ ಕಲಿಸೀನೇನು?" ಭಾವನವರು ಅರವತ್ತೈದರ ಮನುಷ್ಯ, ಚಿಕ್ಕ ಹುಡುಗನ ಹಾಗೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು.

ಒಂದು ಶನಿವಾರ ಮಧ್ಯಾಹ್ನ ಬೆಲ್ ಆಯಿತು. ಅತ್ತೆಯ ಭಜನಾ ಮಂಡಳಿಯ ಇಬ್ಬರು ಹೆಂಗಸರು, ಕೈಯಲ್ಲಿ ಬಾಳೆಹಣ್ಣು. ಮುಖ ಗಂಭೀರ. ಅತ್ತೆ ಮಲಗಿದ್ದರು. ಅವರಲ್ಲಿ ಹಿರಿಯಾಕೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

"ನಿಮ್ಮತ್ತಿ ಹೇಳಿ ಹೇಳಿ ಅತ್ತರು. ನಮಗೂ ತಡಕೊಳ್ಳಲಿಕ್ಕೆ ಆಗಲಿಲ್ಲ. ಆ ಛತ್ರಿ ಅಂಗಡಿ ಅಣ್ಣತಮ್ಮರು ಯಾವ ಬಿಲ್ಡಿಂಗಿನವರು? ನಮ್ಮ ಮನಿಯವರು ವಕೀಲರಿದ್ದಾರ. ಆ ಅಕ್ಕನ ಪಾಲು ಕೊಡಿಸೂದು ನಮ್ಮ ಜವಾಬ್ದಾರಿ."

ಲಿಫ್ಟಿನಲ್ಲಿ ಸಿಕ್ಕಿಬಿದ್ದವರು

ಸೀರಿಯಲ್ಲು ಇಂಗ್ಲಿಷು, ಹಿಂದಿ, ಮರಾಠಿಗಳಲ್ಲೂ ಬಂದದ್ದರಿಂದ ನಮ್ಮ ಸೊಸೈಟಿಯಲ್ಲಿ ಭಾಷಾಭೇದವಿಲ್ಲದೆ ಜಗಳ ಹಬ್ಬಿತು. ಭಾವನವರು ವಾಟ್ಸಾಪ್ ಗ್ರೂಪಿನಲ್ಲಿ "ಬುದ್ಧಿ ಇದ್ದವರು ನೋಡಬೇಕಾದ ಸೀರಿಯಲ್" ಎಂದು ಹಾಕಿದ್ದೇ ತಪ್ಪಾಯಿತು. ನೋಡಿ ನಗದವರಿಗೆಲ್ಲ ಅದು ಬೈಗುಳವಾಗಿ ಕೇಳಿಸಿತು. ನೀರು ಬರದಿದ್ದಾಗಲೂ ಸುಮ್ಮನಿದ್ದವರು ಈಗ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಟೈಪ್ ಮಾಡತೊಡಗಿದರು.

ಆ ಭಾನುವಾರ ಸೊಸೈಟಿಯ ಮೀಟಿಂಗು. ವಿಷಯ ಒಂದೇ: ನಮ್ಮ ವಿಂಗಿನ ಲಿಫ್ಟು ಮಧ್ಯದಲ್ಲಿ ನಿಂತುಬಿಡುತ್ತದೆ, ಏನು ಮಾಡೋಣ? ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು "ಲಿಫ್ಟ್..." ಎನ್ನುವಷ್ಟರಲ್ಲಿ ನಮ್ಮ ಮೇಲಿನ ಮನೆಯ ರಿಟೈರ್ಡ್ ಪ್ರೊಫೆಸರರು ಎದ್ದರು.

"ಮೊದಲು ಒಂದು ಮಾತು. ಈ ಸೀರಿಯಲ್ಲನ್ನು ಬೋರು ಅನ್ನುವವರಿಗೆ ಹೇಳುತ್ತೇನೆ. ಅದು ಶೂನ್ಯದ ಬಗ್ಗೆ ಇದೆ. ಗಿರಾಕಿಯಿಲ್ಲದ ಅಂಗಡಿ ಎಂದರೆ ಅರ್ಥವಿಲ್ಲದ ಬದುಕು. ಅದು ಅತ್ಯುನ್ನತ ಹಾಸ್ಯ."

ಎದುರು ಸಾಲಿನಲ್ಲಿ ಕೂತಿದ್ದ ಸೀರೆ ಅಂಗಡಿಯ ಗುಜರಾತಿ ಕಾಕಾ ಕೂತಲ್ಲೇ ಕೈಯೆತ್ತಿದರು. "ಗಿರಾಕಿ ಬರದಿದ್ದರೆ ಕಾಮಿಡಿಯಾ, ಪ್ರೊಫೆಸರ್ ಸಾಹೇಬರೇ? ನಾಳೆ ನನ್ನ ಅಂಗಡಿಗೆ ಬನ್ನಿ. ಆನ್‌ಲೈನ್ ಶುರುವಾದಾಗಿನಿಂದ ಅತ್ಯುನ್ನತ ಹಾಸ್ಯ ನಡೀತಾ ಇದೆ."

ಅಲ್ಲಿಗೆ ಸಭೆ ಹೊತ್ತಿಕೊಂಡಿತು. ಒಬ್ಬರು "ಮೆಕಾಲೆಯ ಗುಲಾಮರು" ಅಂದರು. ಇನ್ನೊಬ್ಬರು "ಹಾಗಾದರೆ ಸೊಸೆಗೆ ವಿಷ ಹಾಕುವ ಸೀರಿಯಲ್ಲೇ ನೋಡಿ" ಅಂದರು. ಸೆಕ್ರೆಟರಿ ಪ್ರತಿ ಎರಡು ನಿಮಿಷಕ್ಕೊಮ್ಮೆ "ಲಿಫ್ಟ್..." ಎಂದು ಬಾಯಿ ತೆರೆದು ಮುಚ್ಚಿದರು. ಕೊನೆಗೆ ಚಹಾ ಮುಗಿಯಿತು, ಸಭೆಯೂ ಮುಗಿಯಿತು. ಪ್ರೊಫೆಸರರೂ ಕಾಕಾನೂ ಬೈದಾಡುತ್ತಲೇ ಲಿಫ್ಟು ಹತ್ತಿದರು. ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಲಿಫ್ಟು ನಿಂತಿತು.

ಮೆಕ್ಯಾನಿಕ್ ಭಾಂಡುಪಿನಿಂದ ಬರಬೇಕು, ರಸ್ತೆ ತುಂಬ ಟ್ರಾಫಿಕ್ಕು. ನಾವೆಲ್ಲ ಜಾಲರಿಯ ಹೊರಗೆ ನಿಂತು ಕೇಳುತ್ತಿದ್ದೆವು. ಮೊದಲು ಕೂಗಾಟ. ಆಮೇಲೆ ಮಾತು. ಪ್ರೊಫೆಸರರು ಕಾಕಾನಿಗೆ ಒಂದೊಂದು ಕಂತನ್ನೂ ವಿವರಿಸಿದರು. ಕಾಕಾ ಪ್ರೊಫೆಸರರಿಗೆ ಅಂಗಡಿಯಲ್ಲಿ ಖಾಲಿ ಕೂರುವುದೆಂದರೇನು ಎಂದು ವಿವರಿಸಿದರು. ಆಮೇಲೆ ಸದ್ದೇ ಇಲ್ಲ. ಒಬ್ಬರನ್ನೊಬ್ಬರು ಏನಾದರೂ ಮಾಡಿಕೊಂಡರೋ ಎಂದು ನಮಗೆ ಹೆದರಿಕೆಯಾಯಿತು.

ಬಾಗಿಲು ತೆಗೆದಾಗ ಇಬ್ಬರೂ ಬೆವರಿನಲ್ಲಿ ತೊಯ್ದಿದ್ದರು. ಪ್ರೊಫೆಸರರು ಹೊರಗೆ ಕಾಲಿಡುತ್ತ, "ಇವರ ಮಾತು ಖರೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ, ಬರೀ ದುಃಖ" ಅಂದರು.

ಹಿಂದಿನಿಂದ ಕಾಕಾ ಸಿಡಿದರು. "ಏನ್ ಮಾತಾಡ್ತೀರಿ! ಇಷ್ಟೊತ್ತು ಹೇಳಿಕೊಟ್ಟು ಈಗ ಉಲ್ಟಾ? ಎಂಥ ಫಸ್ಟ್ ಕ್ಲಾಸ್ ಕಾಮಿಡಿ ಅದು!"

ಇಬ್ಬರೂ ಪಕ್ಷ ಬದಲಿಸಿದ್ದರು. ಜಗಳ ಮಾತ್ರ ಬಿಟ್ಟಲ್ಲಿಂದ ಮುಂದುವರಿಯಿತು. ಲಿಫ್ಟು ಇವತ್ತಿಗೂ ರಿಪೇರಿಯಾಗಿಲ್ಲ.

ರೈಟ್

ಸಬ್‌ಟೈಟಲ್ ಆದಮೇಲೆ ಕನ್ನಡ ಡಬ್ಬಿಂಗ್. ಮೊದಲ ಕಂಟಕ ಆ "ರೈಟ್". ಇಂಗ್ಲಿಷಿನಲ್ಲಿ ಅಣ್ಣ ಅದನ್ನು ಹೇಳಿದರೆ ಒಂದು ಇಡೀ ಜೀವನದ ನಿರಾಶೆ ಕೇಳಿಸುತ್ತದಂತೆ. ಹಾಗೆಂದು ಸೀರಿಯಲ್ಲು ಮಾಡಿದವರಿಂದ ಮೇಲ್ ಬಂದಿತ್ತು. ಅದನ್ನು ಹಾಗೆಯೇ ಬಿಡಿ ಎಂದರು ಬಾಸ್. ಬಿಟ್ಟು ನೋಡಿದೆವು. ಮೈಕಿನ ಮುಂದೆ "ರೈಟ್" ಅಂದದ್ದೇ ತಡ, ನಮಗೆಲ್ಲ ಬಸ್ಸು ಹೊರಟಂತಾಗಿ ಕಂಬಿ ಹಿಡಿದುಕೊಳ್ಳಬೇಕೆನಿಸಿತು. ಕಡೆಗೆ "ಆಯ್ತು" ಎಂದು ಬರೆದೆ.

ಎರಡನೆಯ ಕಂಟಕ, ಆ ಅಣ್ಣನಿಗೆ ದನಿ ಕೊಡಲು ಬಂದವರು. ಕಲಬುರಗಿ ಕಡೆಯವರು, ದಹಿಸರ್‌ನಲ್ಲಿ ಪರದೆ ಮತ್ತು ಸೋಫಾ ಕವರಿನ ಅಂಗಡಿ. ಪೌರಾಣಿಕ ಸೀರಿಯಲ್ಲುಗಳ ಕನ್ನಡ ಡಬ್ಬಿಂಗಿನಲ್ಲಿ ರಾಕ್ಷಸರೆಲ್ಲ ಇವರೇ. ಇವರು ಸಾಯುವಾಗ ಕೂಗಿದರೆ ಪಕ್ಕದ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ನಿಲ್ಲಿಸುತ್ತಾರೆ. ಆ ದಿನ ಸಣ್ಣ ದನಿಯವರು ಯಾರೂ ಸಿಗದೆ ಬಾಸ್ ಇವರನ್ನು ಕರೆಸಿದ್ದರು.

ಪರದೆಯ ಮೇಲೆ ಬಡಕಲು ಅಣ್ಣ ಗೋಡೆ ನೋಡುತ್ತಿದ್ದ. ಇವರು ಎದೆ ಉಬ್ಬಿಸಿ, "ಆಯ್ತೂ!" ಅಂದರು. ಗಾಜು ನಡುಗಿತು. ತ್ರಿಲೋಕ ಗೆದ್ದು ಇಂದ್ರನನ್ನು ಕೆಳಗಿಳಿಸಿ ಹೇಳಿದ ಹಾಗಿತ್ತು.

"ಸ್ವಲ್ಪ ಮೆಲ್ಲಗೆ ಹೇಳಿ. ಅವನು ಸೋತ ಮನುಷ್ಯ" ಅಂದೆ.

"ಮೆಲ್ಲಕ ಅಂದ್ರ ಹೆಂಗ್ರಿ ಮೇಡಂ?"

"ಮನೆಯಲ್ಲಿ ಮಾತಾಡ್ತೀರಲ್ಲ, ಹಾಗೆ."

"ಮನ್ಯಾಗೂ ಹಿಂಗೇ ರೀ. ಊಟಕ್ಕ ಕೂತು ಬೇಗಂಗ ಉಪ್ಪು ಕೊಡು ಅಂದ್ರ, ಎದುರಿನ ಬಿಲ್ಡಿಂಗಿನವರು ಉಪ್ಪು ತಗೊಂಡು ಬರತಾರ."

ಮೌನಗಳದ್ದು ಮತ್ತೊಂದು ತಕರಾರು. ಮೌನ ಬಂದಲ್ಲೆಲ್ಲ ಅವರು "ಹ್ಞೂಂ", "ಛೇ", "ಏನ್ ಕಾಲ ಬಂತಪ್ಪ" ಎಂದು ತುಂಬುತ್ತಿದ್ದರು. ಇಲ್ಲಿ ಸುಮ್ಮನಿರಬೇಕು ಎಂದರೆ, "ಇಷ್ಟೊತ್ತು ಸುಮ್ಮನ ಇದ್ರ ನನಗ ಡೈಲಾಗ್ ಮರ್ತದ ಅಂತಾರ್ರಿ. ಮಾರ್ಕೆಟ್ಟಿನ್ಯಾಗ ನನ್ನ ಹೆಸರು ಕೆಡತದ" ಅಂದರು. ಸಂಜೆಯವರೆಗೆ ಹೆಣಗಿದೆವು. ಕೊನೆಗೆ ಸೌಂಡ್ ಇಂಜಿನಿಯರನೇ ಅವರನ್ನು ಮೈಕಿನಿಂದ ದೂರ, ಬಾಗಿಲ ಹತ್ತಿರ ನಿಲ್ಲಿಸಿ, ಬಾಗಿಲನ್ನೂ ತೆರೆದಿಟ್ಟು ರೆಕಾರ್ಡ್ ಮಾಡಿದ.

ಕಂತುಗಳು ಬಂದ ವಾರ ಒಬ್ಬ ಪ್ರೇಕ್ಷಕರು ಬರೆದಿದ್ದರು: "ಅಣ್ಣ ತಮ್ಮ ಯಾಕೆ ಮಾತು ಬಿಟ್ಟರು ಎಂಬುದು ಇಂಗ್ಲಿಷಿನಲ್ಲಿ ಕೊನೆಯವರೆಗೂ ತಿಳಿಯಲಿಲ್ಲ. ಕನ್ನಡದಲ್ಲಿ ಅಣ್ಣ ಬಾಯಿ ತೆರೆದ ಕೂಡಲೇ ತಿಳಿಯಿತು."

ನಗೆ ಕ್ಲಬ್ಬು

ನೋಡುವವರು ಎಲ್ಲಿ ನಗಬೇಕೆಂದು ಗೊತ್ತಾಗದೆ ಕಂಗಾಲಾಗಿದ್ದಾರೆ ಎಂಬ ವರದಿ ಬಂದ ಮೇಲೆ ಬಾಸ್‌ಗೆ ಒಂದು ಉಪಾಯ ಹೊಳೆಯಿತು. ಹಿನ್ನೆಲೆಗೆ ನಗೆ ಹಾಕೋಣ. ಅದೂ ಅಮೆರಿಕದ ರೆಡಿಮೇಡ್ ನಗೆ ಬೇಡ, ನಮ್ಮ ಜನರ ನಗೆ ಇರಲಿ. ಮುಲುಂಡಿನ ಗಾರ್ಡನ್ನಿನಲ್ಲಿ ದಿನಾ ಬೆಳಿಗ್ಗೆ ಕೈ ಮೇಲೆತ್ತಿ ಹೋ ಹೋ ಎಂದು ನಗುವ ಹಿರಿಯರ ಕ್ಲಬ್ಬು ನನಗೆ ಗೊತ್ತಿತ್ತು. ಅವರನ್ನು ಮಿನಿಬಸ್ಸಿನಲ್ಲಿ ಬಾಂದ್ರಾಕ್ಕೆ ಕರೆತಂದೆ.

ದಾರಿಯುದ್ದಕ್ಕೂ ನಗು. ಟ್ರಾಫಿಕ್ಕಿಗೆ ನಗು, ಸಿಗ್ನಲ್ಲಿಗೆ ನಗು. ಸ್ಟುಡಿಯೋದ ಕಾವಲುಗಾರ ಹೆಸರು ಕೇಳಿದರೂ ನಗು. ಬಾಸ್ ಕೈ ಉಜ್ಜಿಕೊಂಡರು. ಎಲ್ಲರನ್ನೂ ಕೂಡಿಸಿ, ಮೈಕು ತೂಗಿಬಿಟ್ಟು, ಕಂತು ಹಚ್ಚಿದೆವು.

ಐದು ನಿಮಿಷಕ್ಕೆ ಎಲ್ಲರ ಮುಖ ಬಾಡಿತು. ಹತ್ತು ನಿಮಿಷಕ್ಕೆ ಒಬ್ಬ ಅಜ್ಜ ಪಕ್ಕದವರಿಗೆ, "ನಾನೂ ತಮ್ಮನೂ ಮಾತಾಡದೆ ಬಹಳ ವರ್ಷ ಆತು" ಎಂದು ಪಿಸುಗುಟ್ಟಿದರು. ಹಿಂದಿನ ಸಾಲಿನಲ್ಲಿ ಮೂಗೆಳೆಯುವ ಸದ್ದು. ಈ ಸಲ ಯಾರಿಗೂ ನೆಗಡಿಯಿರಲಿಲ್ಲ. ಕಂತು ಮುಗಿಯಿತು, ಒಂದು ನಗೆಯೂ ರೆಕಾರ್ಡ್ ಆಗಲಿಲ್ಲ.

ಬಾಸ್ ಕ್ಲಬ್ಬಿನ ಮುಖ್ಯಸ್ಥರ ಮುಂದೆ ಕೈ ಜೋಡಿಸಿದರು. "ಅಂಕಲ್, ದಿನಾ ಬೆಳಿಗ್ಗೆ ಅಷ್ಟೊಂದು ನಗ್ತೀರಿ. ಇಲ್ಲಿ ಸ್ವಲ್ಪ ನಗೋಕೆ ಏನು ಕಷ್ಟ?"

ಮುಖ್ಯಸ್ಥರು ಗಂಭೀರವಾಗಿ ಎದ್ದು ನಿಂತರು. "ನಮಗೆ ಕಾರಣವಿಲ್ಲದೆ ನಗುವುದು ಅಭ್ಯಾಸ. ಕಾರಣ ತೋರಿಸಿ ನಗಿ ಅಂದರೆ ಆಗುವುದಿಲ್ಲ. ಟಿವಿ ಆಫ್ ಮಾಡಿ, ನೋಡಿ ಹೆಂಗೆ ನಗ್ತೀವಿ."

ಟಿವಿ ಆಫ್ ಮಾಡಿದೆವು. ಕಟ್ಟಡ ಹಾರಿಹೋಗುವ ಹಾಗೆ ನಕ್ಕರು. ಅದನ್ನೇ ಕತ್ತರಿಸಿ ಅಲ್ಲಲ್ಲಿ ಹಾಕಿದೆವು. ಅದಕ್ಕೂ ಪ್ರೇಕ್ಷಕರು ಎರಡಾದರು. ಅರ್ಧ ಜನ ನಗೆ ತೆಗೆದುಹಾಕಿ ಎಂದರು. ಇನ್ನರ್ಧ, ನಗೆ ಇರಲಿ, ಸೀರಿಯಲ್ಲು ತೆಗೆದುಹಾಕಿ ಎಂದರು.

ಹೆಣ್ಣು ನೋಡಲು ಬಂದವರು

ಇದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೊದಲು ಹೆದರಿಕೆಯಾಗಿ ಆಮೇಲೆ ನಗು ಬರುತ್ತದೆ.

ಭಾವನವರಿಗೆ ಒಬ್ಬಳೇ ಮಗಳು. ಫಿಸಿಯೋಥೆರಪಿಸ್ಟ್, ಮೂವತ್ತು ದಾಟಿದೆ. ಮುಂಬಯಿಯಲ್ಲೇ ಹುಟ್ಟಿದವಳು, ಕನ್ನಡ ಎಲ್ಲ ತಿಳಿಯುತ್ತದೆ. ಮಾತಾಡುವಾಗ ಮಾತ್ರ ನಡುನಡುವೆ ಹಿಂದಿ ಹತ್ತಿ ಇಳಿಯುತ್ತದೆ. ಬಂದ ವರಗಳನ್ನೆಲ್ಲ ಭಾವನವರೇ ಪ್ರಶ್ನೆ ಕೇಳಿ ಕೇಳಿ ಓಡಿಸಿದ್ದರು. ದಹಿಸರ್‌ನಿಂದ ಒಂದು ಒಳ್ಳೆಯ ಸಂಬಂಧ ಬಂದಾಗ ನಮ್ಮ ಓರಗಿತ್ತಿ ಗಂಡನಿಗೆ ಮೊದಲೇ ಎಚ್ಚರಿಕೆ ಕೊಟ್ಟಳು: "ಇವತ್ತು ನೀವು ಬಾಯಿ ತೆರದ್ರ ನಾ ನನ್ನ ತವರುಮನಿಗೆ ಹೋಗತೀನಿ ನೋಡ್ರಿ." ಅತ್ತೆಗೂ ನನಗೂ ಅವಲಕ್ಕಿ, ಶಿರಾ, ಚಹಾದ ಉಸ್ತುವಾರಿ.

ಹುಡುಗ, ಅವನ ತಂದೆ, ತಾಯಿ ಭಾವನವರ ಮನೆಗೆ ಬಂದರು. ತಂದೆಗೆ ದಹಿಸರ್‌ನಲ್ಲಿ ಹಾರ್ಡ್‌ವೇರ್ ಅಂಗಡಿ. ಬಾಗಲಕೋಟೆ ಕಡೆಯವರು, ನೇರ ಮಾತಿನ ಮನುಷ್ಯ. ಎಲ್ಲ ಚೆಂದ ನಡೆಯಿತು. ಅವಲಕ್ಕಿ ಹೊಗಳಿದರು. ಹುಡುಗ ಹುಡುಗಿ ಸ್ವಲ್ಪ ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೂ ಬಾಲ್ಕನಿಗೆ ಕಳಿಸಿ, ಏಸಿಯ ಗಾಳಿ ಹೋಗದಂತೆ ಗಾಜಿನ ಬಾಗಿಲು ಎಳೆದೆವು.

ಇಲ್ಲಿ ಒಳಗೆ ಮಾತಿಗೆ ವಿಷಯ ಬೇಕಲ್ಲ. ಹುಡುಗನ ತಂದೆ ಟಿವಿಯ ಕಡೆ ನೋಡಿ, "ನೀವು ಏನು ನೋಡತೀರಿ ರಿಟೈರಾದ ಮ್ಯಾಲೆ? ಈಗಿನ ಸೀರಿಯಲ್ಲು ಒಂದೂ ಛಲೋ ಇಲ್ಲ. ಮೊನ್ನೆ ಒಂದು ನೋಡಿದೆ, ಇಂಗ್ಲಂಡಿಂದು, ಛತ್ರಿ ಅಂಗಡಿದು. ಅಂಥಾ ಬೋಗಸ್ ಜನ್ಮದಾಗ ನೋಡಿಲ್ಲ" ಅಂದರು.

ನನ್ನ ಗಂಡ ನನ್ನ ಕಾಲು ತುಳಿದ. ಓರಗಿತ್ತಿ ಕಣ್ಣಲ್ಲೇ ಗಂಡನನ್ನು ಬೇಡಿಕೊಂಡಳು. ಭಾವನವರ ಮುಖ ಕೆಂಪಾಯಿತು. ಅವರು ಪಾಪ, ತಡೆದುಕೊಂಡರು. ಒಂದು ಚಮಚ ಶಿರಾ ತಿಂದರು. ಇನ್ನೊಂದು ಚಮಚ ತಿಂದರು. ಆಮೇಲೆ ಚಮಚ ಕೆಳಗಿಟ್ಟರು.

"ಹಂಗಲ್ರಿ, ಅದು ಎಲ್ಲಾರಿಗೂ ತಿಳಿಯೂದಿಲ್ಲ."

"ಅಂದ್ರ? ನಮಗ ಬುದ್ಧಿ ಇಲ್ಲ ಅಂತೀರೇನು?"

"ನಾ ಹಂಗ ಅಂದಿಲ್ಲ. ಲಂಡನ್ ನೋಡಿದವರಿಗೆ..."

"ಲಂಡನ್ನಿನಾಗ ಮಳಿ ಬಿಟ್ಟು ಬ್ಯಾರೆ ಏನೂ ಇಲ್ಲ ಅಂತ ಸಣ್ಣ ಹುಡುಗರಿಗೂ ಗೊತ್ತದ. ಅಲ್ಲಿ ಮಳಿ ಬರದ ಊರು ಅಂತ! ಅದೇ ದೊಡ್ಡ ಸುಳ್ಳು!"

ಆಗ ಹುಡುಗನ ತಾಯಿ ಬಾಯಿ ಹಾಕಿದರು. "ಸುಮ್ಮನಿರ್ರಿ. ಅವರು ಹೇಳೂದು ಖರೆ ಅದ. ನನಗಂತೂ ಭಾಳ ನಗು ಬಂತು. ನಿಮಗ ಯಾವುದಕ್ಕ ನಗು ಬಂದದ, ಅದಕ್ಕ ಬರಲಿಕ್ಕೆ?"

"ನೀ ಎಲ್ಲಾರ ಮುಂದ ನನ್ನ..."

ನಮ್ಮ ಓರಗಿತ್ತಿಗೆ ಗಂಡನನ್ನು ಬಾಯಿ ಮುಚ್ಚಿಸಲು ಇದೇ ಸಮಯ ಎನಿಸಿತು. "ಬೀಗರು ಹೇಳೂದ ಬರೋಬರಿ. ಶುದ್ಧ ಬೋಗಸ್. ಇವರು ನಗೂದು ನಾಲ್ಕು ಮಂದಿಗೆ ತೋರಸಲಿಕ್ಕೆ" ಎಂದಳು. ಭಾವನವರು ಬೀಗಿತ್ತಿಯ ಪಕ್ಷ, ಓರಗಿತ್ತಿ ಬೀಗರ ಪಕ್ಷ. ಎಲ್ಲರೂ ಎದ್ದು ನಿಂತಿದ್ದರು. ಭಾವನವರು ಅಣ್ಣ ಗೋಡೆ ನೋಡುವುದನ್ನು ಅಭಿನಯಿಸಿ ತೋರಿಸಿದರು. ಬೀಗರು ಖಾಲಿ ತಟ್ಟೆ ಎತ್ತಿ, ಇದಕ್ಕಿಂತ ಇದು ಹೆಚ್ಚು ನಗಿಸುತ್ತದೆ ಎಂದು ಎಲ್ಲರ ಮುಖದ ಮುಂದೆ ತಿರುಗಿಸಿದರು. ನಾನು ಅಡುಗೆಮನೆಗೆ ಜಾರಿಕೊಳ್ಳಬೇಕೆಂದು ಹೊರಟಿದ್ದೆ. ಆಗ ಅತ್ತೆ ಮೂಲೆಯ ಕುರ್ಚಿಯಿಂದ ಹೆಮ್ಮೆಯಲ್ಲಿ, "ಕನ್ನಡದಾಗ ಅದನ್ನ ಬರದಾಕಿ ನಮ್ಮ ಈ ಸಣ್ಣ ಸೊಸೀನ ರೀ" ಎಂದುಬಿಟ್ಟರು.

ಬೀಗರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮನೆಯೊಳಗೇ ಶತ್ರು ಸಿಕ್ಕಂತಾಗಿರಬೇಕು. ಬಾಗಿಲ ಬಳಿ ಹೋಗಿ ಕಾಲಿನಿಂದ ಚಪ್ಪಲಿ ತಡಕಾಡತೊಡಗಿದರು. ಓರಗಿತ್ತಿಯ ಕಣ್ಣಲ್ಲಿ ನೀರು. ಭಾವನವರೂ ಆಗ ಎಚ್ಚೆತ್ತು, ಬಾಡಿದ ಮುಖದಲ್ಲಿ ಬೀಗರ ಹಿಂದೆ ಎರಡು ಹೆಜ್ಜೆ ಹೋದರು. ಆ ಮುಖವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಮಗಳ ಇನ್ನೊಂದು ಸಂಬಂಧವನ್ನೂ ತನ್ನ ಕೈಯಾರೆ ಮುರಿದೆ ಎಂದು ಅವರಿಗೆ ಗೊತ್ತಾಗಿತ್ತು.

ಗಾಜಿನ ಬಾಗಿಲು ಸರಿಯಿತು. ಹುಡುಗ ಹುಡುಗಿ ಒಳಗೆ ಬಂದರು. ಇಬ್ಬರ ಮುಖವೂ ಕೆಂಪು, ಕಣ್ಣಲ್ಲಿ ನೀರು. ಅತ್ತಿದ್ದಾರೆ ಎಂದುಕೊಂಡೆ.

"ಪಪ್ಪಾ, ನಮ್ಮದು ಪಕ್ಕಾ" ಅಂದಳು ಹುಡುಗಿ.

ಒಂದು ಚಪ್ಪಲಿ ಹಾಕಿಕೊಂಡು ನಿಂತಿದ್ದ ಬೀಗರು ಮಗನನ್ನು ಕೇಳಿದರು, "ಪಕ್ಕಾ ಅಂದ್ರ? ಆ ಸೀರಿಯಲ್ಲಿನ ಬಗ್ಗೆ ಕೇಳಿದೇನು?"

"ಯಾವ ಸೀರಿಯಲ್?" ಅಂದ ಹುಡುಗ. "ನಾನು ಸೀರಿಯಲ್ ನೋಡಲ್ಲ. ಇವರೂ ನೋಡಲ್ಲ."

ಭಾವನವರು ಮಗಳ ಕಡೆ ತಿರುಗಿದರು. "ಮತ್ತ ಇಷ್ಟೊತ್ತು ಏನು ಮಾತಾಡಿದ್ರಿ?"

"ಮಾತು ಕಹಾಂ, ಪಪ್ಪಾ! ಒಂದು ನಿಮಿಷ ಮಾತಾಡಿದ್ವಿ, ಆಮೇಲೆ ಈ ಗಾಜಿನಿಂದ ನಿಮ್ಮನ್ನೆಲ್ಲ ನೋಡ್ತಾ ನಿಂತ್ವಿ. ನೀವು ಗೋಡೆ ನೋಡಿದ್ರಿ, ಅಂಕಲ್ ತಟ್ಟೆ ತಿರುಗಿಸಿದ್ರು, ಮಮ್ಮಿ ಕುಣಿದ್ಲು..." ಅವಳಿಗೆ ಮತ್ತೆ ನಗು ತಡೆಯಲಾಗಲಿಲ್ಲ, ಸೋಫಾ ಹಿಡಿದುಕೊಂಡಳು. ಹುಡುಗ ಕಣ್ಣೊರೆಸಿಕೊಳ್ಳುತ್ತ ಓರಗಿತ್ತಿಗೆ ಕೈ ಮುಗಿದ.

"ಆಂಟಿ, ನಾನು ಲೈಫಲ್ಲಿ ಇಷ್ಟು ನಕ್ಕಿಲ್ಲ. ಇದು ವಾರಕ್ಕೆ ಎಷ್ಟು ಸಲ ಇರುತ್ತೆ ಹೇಳಿ, ನಾವು ಮುಲುಂಡಲ್ಲೇ ಮನೆ ಮಾಡ್ತೀವಿ."